ಹಗೇವಿನಲ್ಲಿ ಮಲಗಿದ ಸಂವತ್ಸರಗಳು

ಈರಬಸಪ್ಪನವರು ಯಾವ ವಸ್ತುವನ್ನೂ ಮೊದಲು ಕಣ್ಣಿನಿಂದ ನೋಡಿದವರಲ್ಲ. ಚಹಾದ ಕಪ್ಪನ್ನು ಮೂಗಿನ ಕೆಳಗೆ ಹಿಡಿದು ಕಣ್ಣು ಮುಚ್ಚುವರು. ನಾನು ಹಾನಗಲ್ಲಿನಿಂದ ಒಯ್ದ ಹಳೆಯ ಪುಸ್ತಕವನ್ನು ತೆರೆಯುವ ಮುನ್ನ ಅದರ ಬೆನ್ನನ್ನು ಮೂಸುವರು. ಓಣಿಯ ಎಲೆವ್ಯಾಪಾರಿ ಖಾದರಸಾಬರು ವೀಳ್ಯದೆಲೆ ಕೊಟ್ಟರೆ, ಇದು ನಿನ್ನೆಯದಲ್ಲ, ಮೊನ್ನೆ ಕೊಯ್ದದ್ದು ಎಂದು ಹಿಂದಿರುಗಿಸುವರು. "ಸಾಹೇಬ್ರ, ಆ ಮೂಗಿಗೆ ಒಂದು ಲೈಸೆನ್ಸ್ ಮಾಡಸ್ರಿ" ಎಂದು ಖಾದರಸಾಬರು ನಗುತ್ತಿದ್ದರು.

ಶಿಗ್ಗಾವಿಯ ಶಾಲೆಯಲ್ಲಿ ಅವರು ನನಗಿಂತ ಮುಂದಿನ ತರಗತಿಯಲ್ಲಿದ್ದರು. ನಾನು ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಕಳೆದೆ. ಅವರು ದಕ್ಷಿಣ ಆಸ್ಟ್ರೇಲಿಯಾದ ಮಣ್ಣು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ರಸಾಯನತಜ್ಞರಾಗಿದ್ದು, ನಿವೃತ್ತಿಯ ನಂತರ ಪತ್ನಿ ಗಂಗವ್ವನವರೊಂದಿಗೆ ಸವಣೂರಿನ ಮನೆಗೆ ಮರಳಿದರು. ಆ ನಾಡಿನಲ್ಲಿ ಅವರಿಗೆ ಹಿಡಿದ ಹುಚ್ಚು ಒಂದೇ. ಅಲ್ಲಿಯವರು ದನಿ ತಗ್ಗಿಸಿ ಹೆಸರಿಸುವ ಒಂದು ಕೆಂಪು ವೈನಿದೆ. ಒಂದೊಂದು ವರ್ಷದ ದ್ರಾಕ್ಷಿಯೂ ಬೇರೆ ಬೇರೆ ಸೀಸೆ ಸೇರುತ್ತದೆ. ಹದಕ್ಕೆ ಬರಲು ದಶಕಗಳೇ ಬೇಕು. ರಜೆಗೆ ಬಂದಾಗಲೆಲ್ಲ ಕಾಯಿದೆ ಒಪ್ಪುವಷ್ಟನ್ನು ಧೋತರದಲ್ಲಿ ಸುತ್ತಿ ತಂದಿದ್ದರು. ಮದ್ಯ ಎಂದೂ ಹೊಸ್ತಿಲು ದಾಟದ ಲಿಂಗವಂತರ ಮನೆಯದು. ಗಂಗವ್ವನವರು ಅದನ್ನು "ನಿಮ್ಮ ಕಷಾಯ" ಎಂದು ಕರೆದು, ಅಡುಗೆಮನೆಯ ಒಳಗೆ ಬಿಡಲಿಲ್ಲ.

ಹಾಗಾಗಿ ಅದು ಹಿತ್ತಲಿನ ಹಗೇವು ಸೇರಿತು. ಹಗೇವೆಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳವಾದ ಕಣಜ. ಒಬ್ಬ ಮನುಷ್ಯ ತೂರುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಬೇಸಿಗೆ, ಮಳೆ ಎನ್ನದೆ ಒಳಗೆ ಒಂದೇ ತಂಪು. ಈರಬಸಪ್ಪನವರು ಅಲ್ಲಿ ಜೋಳದ ಹೊಟ್ಟು ಹಾಸಿ, ಬಿರಡೆ ಒಣಗದಂತೆ ಸೀಸೆಗಳನ್ನು ಅಡ್ಡಲಾಗಿ ಇಟ್ಟರು. ಆ ಕೆಲಸಕ್ಕೆ ಅವರ ಮಾತು "ಮಲಗಸೋದು". "ನಿಂದ್ರಸಿದ್ರ ಕೆಡತಾವ್ರಿ. ಮಲಗಸಬೇಕು, ಬಾಯಿ ಮುಚ್ಚಬೇಕು, ಮರೀಬೇಕು" ಎನ್ನುತ್ತಿದ್ದರು.

ನನಗೆ ಆ ಮಾತು ಹಿಡಿಸುತ್ತಿರಲಿಲ್ಲ. ಹಿರೇಕೆರೂರಿನ ಕಡೆಯ ನನ್ನ ತಾಯಿಯ ಊರಿನಲ್ಲಿ ಜೋಳ ತೆಗೆಯಲು ಹಗೇವಿಗೆ ಇಳಿದ ಒಬ್ಬನೂ, ಅವನನ್ನು ಎತ್ತಲು ಇಳಿದ ಅವನ ತಮ್ಮನೂ ಮೇಲೆ ಬರಲಿಲ್ಲ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ. ಆದ್ದರಿಂದಲೇ ಹಿಂದಿನವರು ಬಾಯಿ ತೆರೆದು ದಿನವಿಡೀ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ಕಾಲಿಡುತ್ತಿದ್ದರು. ಈರಬಸಪ್ಪನವರು ಎರಡನ್ನೂ ಒಪ್ಪಲಿಲ್ಲ. ದಿನವಿಡೀ ತೆರೆದಿಟ್ಟರೆ ಬಿಸಿಗಾಳಿ ಇಳಿಯುತ್ತದೆ, ಕಂದೀಲಿನ ಹೊಗೆ ಬಿರಡೆಗೆ ಹತ್ತುತ್ತದೆ ಎಂದು ಅವರ ವಾದ. ಬೆಳಕಿಗೆ ಬ್ಯಾಟರಿ ಸಾಕು. ಗಾಳಿ ಕೆಟ್ಟಿದ್ದರೆ ತಮ್ಮ ಮೂಗಿಗೆ ತಿಳಿಯದೇ ಇರುತ್ತದೆಯೇ ಎಂಬ ಧೈರ್ಯ. ರಸಾಯನ ಬಲ್ಲವರಿಗೆ ಆ ಗಾಳಿಗೆ ವಾಸನೆಯಿಲ್ಲವೆಂಬುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಸೀಸೆಗಳ ಮುಂದೆ ಅದನ್ನು ಮರೆಯುತ್ತಿದ್ದರು. ಗಂಗವ್ವನವರು ಮಾತ್ರ, ಕಂಕುಳಡಿ ಹಗ್ಗ ಬಿಗಿಯದೆ ಗಂಡನನ್ನು ಇಳಿಯಗೊಡುತ್ತಿರಲಿಲ್ಲ. "ಎತ್ತು ಕಟ್ಟಿದಂಗ ಕಟ್ತಾಳ್ರಿ" ಎಂದು ಅವರು ಗೊಣಗುವರು.

ಒಂದು ಸೀಸೆ ತೆರೆದ ದಿನ ನನ್ನನ್ನು ಕರೆಸಿಕೊಂಡರು. ಹಿಂದಿನ ದಿನವೇ ಅದನ್ನು ಎಬ್ಬಿಸಿ ನಿಲ್ಲಿಸಿದ್ದರು, ಗಸಿ ತಳಕ್ಕೆ ಇಳಿಯಲೆಂದು. ನಿಧಾನವಾಗಿ ಗಾಜಿನ ಹೂಜಿಗೆ ಬಗ್ಗಿಸಿ, ಎರಡು ಗುಟುಕಿನಷ್ಟನ್ನು ನನ್ನ ಕೈಗಿತ್ತು, ಮೂಸದೆ ಕುಡಿಯಬಾರದೆಂದರು. ಜಜ್ಜಿದ ನೇರಳೆ, ಹೊಸ ಚಕ್ಕಡಿಯ ಕೀಲೆಣ್ಣೆ, ತೊಗಲಿನ ಜೀನು. ನಾಲಿಗೆಯ ಅಂಚಿನಲ್ಲಿ ಹಸಿ ಅಡಿಕೆಯ ಒಗರು. ಅವರು ಬಹಳ ಹೊತ್ತು ಬಾಯೊಳಗೇ ಆಡಿಸಿ ನುಂಗಿದರು. "ಇನ್ನೂ ಹುಡುಗ ಐತ್ರಿ. ಮೈ ಬಲತೈತಿ, ಬುದ್ಧಿ ಬಂದಿಲ್ಲ" ಎಂದರು.

ಸೀಸೆಯ ಮೇಲಿನ ಇಸವಿಗಳಿಗೆ ನಮ್ಮ ಸಂವತ್ಸರದ ಹೆಸರುಗಳನ್ನು ಹೊಂದಿಸಿ ಚೀಟಿ ಕಟ್ಟುವುದು ನಮ್ಮಿಬ್ಬರ ಆಟ. ಅವರು ಒಂದಕ್ಕೆ 'ಪ್ರಭವ' ಎಂದು ಬರೆದಿದ್ದರು. ಪಂಚಾಂಗ ತಾಳೆ ನೋಡಿ ನಾನು ಒಪ್ಪಲಿಲ್ಲ. ಆ ನಾಡಿನಲ್ಲಿ ದ್ರಾಕ್ಷಿ ಕೊಯ್ಯುವುದು ನಮ್ಮ ಯುಗಾದಿಗೆ ಮೊದಲು; ಆದಕಾರಣ ಅದು ಹಿಂದಿನ ಸಂವತ್ಸರದ ಫಲ, ಎಂದರೆ 'ಕ್ಷಯ'. ಗಂಗವ್ವನವರು ಒಳಗಿನಿಂದಲೇ ತಿದ್ದಿದರು: "ಮನ್ಯಾಗ ಆ ಶಬ್ದ ಬ್ಯಾಡ್ರಿ. ಅಕ್ಷಯ ಅನ್ರಿ." ಪಂಚಾಂಗಗಳಲ್ಲಿಯೂ ಆ ಪಾಠ ಉಂಟು ಎಂದು ನಾನು ಒಪ್ಪಿಕೊಂಡೆ. ಈರಬಸಪ್ಪನವರಿಗೆ ಹುರುಪು ಬಂದಿತು. ಚೀಟಿ ಬದಲಿಸುವುದೇ ಆದರೆ ಆ ಸೀಸೆಯ ರುಚಿಯನ್ನೂ ನೋಡಿಯೇಬಿಡೋಣ ಎಂದು ಎದ್ದರು.

ಇದು ನಡೆದದ್ದು ದಸರೆಗೆ ಮೊದಲು ಎಂದು ಗಂಗವ್ವನವರ ನೆನಪು. ದಸರೆಯ ನಂತರ ಎಂದು ನನ್ನದು. ಅಂದು ಅವರ ದೇವರ ಗೂಡಿನಲ್ಲಿ ಒಣಗಿದ ಬನ್ನಿ ಎಲೆಗಳನ್ನು ಕಂಡಿದ್ದೆನಾದ್ದರಿಂದ ನನ್ನದೇ ಸರಿಯಿರಬೇಕು. ಮಳೆಗಾಲವೆಲ್ಲ ಹಗೇವು ಮುಚ್ಚಿಯೇ ಇತ್ತು. ಒಳಗೆ ನೀರು ಜಿನುಗಿ ಹೊಟ್ಟು ಕೊಳೆತಿತ್ತೆಂದು ನಮಗೆ ತಿಳಿದದ್ದು ಆಮೇಲೆ.

ಈರಬಸಪ್ಪನವರು ಕಲ್ಲು ಸರಿಸಿ, ಚಹಾ ಕುಡಿಯುವಷ್ಟು ಹೊತ್ತು ಮಾತ್ರ ಬಾಯಿ ತೆರೆದಿಟ್ಟು, ಬಗ್ಗಿ ಮೂಸಿ ಇಳಿದರು. ನಾನೂ ಗಂಗವ್ವನವರೂ ಹಗ್ಗ ಹಿಡಿದಿದ್ದೆವು. ಕೆಳಗೆ ಬ್ಯಾಟರಿಯ ಬೆಳಕು ಗೋಡೆಯ ಮೇಲೆ ಓಡಾಡಿತು. "ಸಿಕ್ತು" ಎಂಬ ದನಿ ಬಂತು. ಆಮೇಲೆ ಬೆಳಕು ಒಂದೇ ಕಡೆ ನಿಂತಿತು.

ಗಂಗವ್ವನವರು ಕೂಗಿದರು. ಹಗ್ಗ ಒಮ್ಮೆಲೇ ಭಾರವಾಯಿತು. ಕೂಗು ಕೇಳಿ ಬೇಲಿಯಾಚೆಯಿಂದ ಓಡಿಬಂದ ಖಾದರಸಾಬರು ಹಿಂದುಮುಂದು ನೋಡದೆ ಹಗೇವಿನ ಬಾಯಿಗೆ ಕಾಲಿಳಿಬಿಟ್ಟರು. ಗಂಗವ್ವನವರು ಹಗ್ಗ ಬಿಡದೆಯೇ ಅವರ ಅಂಗಿಯ ಕೊರಳನ್ನು ಹಿಡಿದೆಳೆದರು.

"ಇಳೀಬ್ಯಾಡ್ರಿ ಅಣ್ಣಾರ. ಇಳದ್ರ ಇಬ್ಬರಾಗ್ತೀರಿ. ಜಗ್ರಿ."

ಅವರ ದನಿಯಲ್ಲಿ ಅಳುವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಮೂವರೂ ಜಗ್ಗಿದೆವು. ಇಕ್ಕಟ್ಟಾದ ಬಾಯಿಗೆ ಭುಜ ಸಿಕ್ಕಿಕೊಂಡಿತು. ಸಡಿಲಿಸಿ ಮತ್ತೆ ಜಗ್ಗಬೇಕಾಯಿತು. ಸಡಿಲಿಸಿದ ಆ ಗಳಿಗೆಯಲ್ಲಿ ಅವರು ಮತ್ತೆ ಕತ್ತಲೆಗೆ ಇಳಿದದ್ದನ್ನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಹಿತ್ತಲಲ್ಲಿ ಮಲಗಿಸಿದಾಗ ತುಟಿ ನೀಲಿಗಟ್ಟಿತ್ತು. ಖಾದರಸಾಬರು ಎದೆ ಒತ್ತಿದರು. ಕೊನೆಗೆ ಒಂದು ಕೆಮ್ಮು ಬಂದಿತು.

ಮರುವಾರವೇ ಗಂಗವ್ವನವರು ಸೀಸೆಗಳ ಸಮೇತ ಹಗೇವಿನ ಬಾಯಿಗೆ ಕಲ್ಲು ಹಾಕಿಸಿ ಗಾರೆ ಮೆತ್ತಿಸಿದರು. ಈರಬಸಪ್ಪನವರು ಬೇಡವೆನ್ನಲಿಲ್ಲ. ಆ ದಿನದಿಂದ ಅವರು ಮಲಗುವುದನ್ನೇ ಬಿಟ್ಟರು. ಗೋಡೆಗೆ ಒರಗಿ ಕುಳಿತೇ ತೂಕಡಿಸುವರು. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡದ್ದೂ ಹಾಗೆ ಕುಳಿತಲ್ಲಿಯೇ. ಹೃದಯ ನಿಂತಿತೆಂದು ವೈದ್ಯರು ಹೇಳಿದರಂತೆ.

ಅದಕ್ಕೆ ಕೆಲವು ದಿನ ಮೊದಲು ನಾನು ಹೋಗಿದ್ದೆ. ಗಂಗವ್ವನವರು ಸಂತೆಗೆ ಹೋಗಿದ್ದರು. ಈರಬಸಪ್ಪನವರು ನಾನು ಕೇಳದಿದ್ದರೂ ಹೇಳಿದರು: "ಕೆಳಗ ನನಗ ಅಂಜಿಕಿ ಬರಲೇ ಇಲ್ರಿ. ನಿದ್ದಿ ಬಂದಂಗಾತು, ಛಲೋ ಅನಿಸ್ತು. ಅದನ್ನ ನೆನಸಿದ್ರ ಈಗ ಕಣ್ಣು ಮುಚ್ಚಾಕ ಅಂಜಿಕಿ."

ಆಮೇಲೆ, ನಾನು ಪಕ್ಕದಲ್ಲಿದ್ದರೆ ಸ್ವಲ್ಪ ಅಡ್ಡಾಗುವೆನೆಂದರು. ಚಾಪೆ ಹಾಸಿದೆ. ಮಗುವಿನಂತೆ ಮಗ್ಗುಲಾಗಿ ಮಲಗಿದರು. ನಾನು ಪುಸ್ತಕ ತೆರೆಯಲಿಲ್ಲ. ಅವರ ಪಕ್ಕೆ ಏರಿಳಿಯುವುದನ್ನೇ ನೋಡುತ್ತ ಕುಳಿತೆ. ಹಾನಗಲ್ಲಿನ ಬಸ್ಸಿನ ಹೊತ್ತಾದಾಗ ಮೆಲ್ಲಗೆ ಕರೆದೆ. ಏಳಲಿಲ್ಲ. ಭುಜ ಹಿಡಿದು ಮತ್ತೊಮ್ಮೆ, ಹಗೇವಿನ ಬಾಯಲ್ಲಿ ಗಂಗವ್ವನವರು ಕೂಗಿದಷ್ಟೇ ಗಟ್ಟಿಯಾಗಿ, ಕೂಗಿದೆ.

ಅವರು ಕಣ್ಣು ತೆರೆದು ನನ್ನ ಕೈಯನ್ನು ಹಿಡಿದುಕೊಂಡರು. "ಇದ್ದೇನ್ರಿ. ಇನ್ನೊಂದು ಬಸ್ಸಿಗೆ ಹೋಗ್ರಲ್ಲ" ಎಂದರು.