ಮಾಮಾನ ಫಟಫಟಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಕೆಲಸದಲ್ಲಿ ಯಾರಾದರೂ ಕೊಂಕು ತೆಗೆದರಂತೂ ಮುಗಿಯಿತು. ಹುಮನಾಬಾದಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು ನಾನು, ಬಿಡುವಿನಲ್ಲಿ ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸ. ಗೆರೆ ಒಂದು ಕೂದಲೆಳೆ ಸೊಟ್ಟಗಾದರೂ ಅಳಿಸಿ ಮತ್ತೆ ಎಳೆಯುವ ಚಟ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದಿನ ತಪ್ಪೆಲ್ಲ ಹುಟ್ಟಿದ್ದು ಇಲ್ಲಿಂದಲೇ.

ನನ್ನ ತಾಯಿಯ ತಮ್ಮ ಘಾಟಬೋರಾಳದಲ್ಲಿದ್ದಾನೆ. ಹೊಲವನ್ನು ಮಕ್ಕಳು ನೋಡಿಕೊಳ್ಳುತ್ತಾರೆ, ಕುರಿ ಮಾತ್ರ ಮಾಮಾನದೇ. ಎಪ್ಪತ್ತು ದಾಟಿದ ಮೇಲೂ ದಿನಾ ಅವುಗಳ ಹಿಂದೆ ಹೋಗುತ್ತಾನೆ. ಅವನ ಬಳಿ ನೂರು ಸಿಸಿಯ ಹಳೆಯ ಟೂ-ಸ್ಟ್ರೋಕ್ ಗಾಡಿಯೊಂದಿತ್ತು. ಮಾಮಾ ಅದನ್ನು ಫಟಫಟಿ ಎಂದೇ ಕರೆಯುತ್ತಿದ್ದ. ಹಿಂಭಾಗದ ಎಡಬದಿಗೆ ಕಬ್ಬಿಣದ ಒಂದು ಗೂಡು ಬೆಸೆಸಿದ್ದ, ಒಳಗೆ ಗೋಣಿತಟ್ಟು. ದೂರದಲ್ಲಿ ಮೇಯುವಾಗ ಕುರಿ ಈದರೆ ಮಾಮಾ ಹಸಿ ಮರಿಯನ್ನು ಆ ಗೂಡಿನಲ್ಲಿ ಕೂರಿಸಿ ಫಸ್ಟ್ ಗೇರಿನಲ್ಲೇ ಮನೆಗೆ ಬರುತ್ತಿದ್ದ. ತಾಯಿ ಕುರಿ ಒದರುತ್ತ ಹಿಂದೆ ಓಡಿ ಬರುತ್ತಿತ್ತು.

ಎರಡು ವರ್ಷದ ಹಿಂದೆ ಎಂಜಿನ್ ಜಾಮಾಗಿ ಗಾಡಿ ಕೊಟ್ಟಿಗೆ ಸೇರಿತು. ಮೆಕ್ಯಾನಿಕ್‌ಗಳು ನೋಡಿ, ಇದರ ಸಾಮಾನು ಈಗ ಬರುವುದಿಲ್ಲ, ಗುಜರಿಗೆ ತೂಕಕ್ಕೆ ಹಾಕಿಬಿಡಿ ಎಂದಿದ್ದರು. ಅಂದಿನಿಂದ ಮಾಮಾನ ಹೆಗಲೇ ಮರಿಯ ಗಾಡಿ. ದಸರೆಯಾದ ಮೇಲೆ ಒಂದು ದಿನ ಟೆಂಪೊದಲ್ಲಿ ಫಟಫಟಿಯನ್ನು ಹಾಕಿಕೊಂಡು ನಮ್ಮ ಮನೆಗೆ ಬಂದ.

“ಅಳಿಯಾ, ಎಳ್ಳಮಾಸಿಗಿ ಕುರಿ ಈಯಾಕ ಸುರು ಆಗ್ತಾವ. ಅಷ್ಟ್ರಾಗ ಫಟಫಟಿ ನಡೀತಂದ್ರ ಕುರಿ ಇಟ್ಕೋತೀನಿ. ಇಲ್ಲಂದ್ರ ಈ ಸಲ ಎಲ್ಲಾ ಮಾರಿಬಿಡ್ತೀನಿ. ಮೊಣಕಾಲ ಮಾತ ಕೇಳವಲ್ವು.”

ಕುರಿ ಇಲ್ಲದ ಮಾಮಾನನ್ನು ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಆಗಲಿ ಎಂದೆ.

ಪಡಸಾಲೆಯಲ್ಲಿ ಗಾಡಿ ಬಿಚ್ಚಿದೆ. ನಟ್ಟು-ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಲು ಅಡುಗೆಮನೆಯಿಂದ ಹಿಟ್ಟು ನಾದುವ ಪರಾತ ತೆಗೆದುಕೊಂಡಿದ್ದಕ್ಕೆ ಹೆಂಡತಿ ಎರಡು ದಿನ ಮಾತು ಬಿಟ್ಟಳು. ಬಸವಕಲ್ಯಾಣದಲ್ಲಿ ಲಾರಿಗಳ ಬಾಡಿ ಕಟ್ಟುವವರು, ರಿಪೇರಿ ಮಾಡುವವರು ಸಾಲುಸಾಲಾಗಿದ್ದಾರೆ. ಅಲ್ಲಿನ ಒಬ್ಬ ಹಳೆಯ ಮಿಸ್ತ್ರಿಯ ಹತ್ತಿರ ಈ ಗಾಡಿಯ ಪಿಸ್ಟನ್, ರಿಂಗು ಸಿಕ್ಕವು. ಅವನೇ ಸವೆದ ಸಿಲಿಂಡರಿನ ಒಳಗನ್ನು ಕೊರೆದು ಬೋರ್ ಹೊಡೆದುಕೊಟ್ಟ. ಸೈಲೆನ್ಸರನ್ನು ಬೆಂಕಿಗೆ ಹಾಕಿ ಒಳಗಿನ ಮಸಿ ಸುಟ್ಟು ತೆಗೆದೆ. ಕಾರ್ಬ್ಯುರೇಟರ್ ತೊಳೆದೆ. ಒಂದೂವರೆ ತಿಂಗಳಿಗೆ ಎಂಜಿನ್ ಹತ್ತಿಕೊಂಡಿತು. ಓಣಿಯೆಲ್ಲ ಹೊಗೆ. ಹರೆಯದಲ್ಲಿ ಕೇಳಿದ ಅದೇ ಫಟ್‌ಫಟ್ ಸದ್ದು ಕೇಳಿ ನನ್ನ ಕಣ್ಣು ತುಂಬಿತು. ಹೊಗೆಗೆ ಅಂತ ಹೆಂಡತಿಗೆ ಸುಳ್ಳು ಹೇಳಿದೆ.

ಅವತ್ತೇ ಒಯ್ದು ಕೊಟ್ಟಿದ್ದರೆ ಇಷ್ಟು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಆ ಗಾಡಿ ಕಂಪನಿಯಿಂದ ಬಂದಾಗ ಹೇಗಿತ್ತು ಎಂಬ ಫೋಟೊ ನನ್ನ ಫೋನಿನಲ್ಲಿ ಸಿಕ್ಕಿಬಿಟ್ಟಿತು. ಕೆಂಪು ಪೆಟ್ರೋಲ್ ಟಾಕಿ, ಅದರಿಂದ ಹಿಂದಿನವರೆಗೆ ಹರಿದ ಒಂದೇ ಒಂದು ಚಿನ್ನದ ಗೆರೆ. ನನ್ನಂಥವನಿಗೆ ಇನ್ನೇನು ಬೇಕು? ಟಾಕಿಯ ತಗ್ಗುಗಳನ್ನು ತಟ್ಟಿ ಎಬ್ಬಿಸಿದೆ. ಬಣ್ಣ ಹೊಡೆದು, ಉಜ್ಜಿ, ಮತ್ತೆ ಹೊಡೆದೆ. ಉಸಿರು ಬಿಗಿಹಿಡಿದು ಗೆರೆ ಎಳೆದೆ. ಇದಕ್ಕೂ ಮೊದಲು, ಗೆರೆಗೆ ಅಡ್ಡ ಬರುತ್ತಿದ್ದ ಆ ತುಕ್ಕು ಹಿಡಿದ ಗೂಡನ್ನು ಕೊಯ್ಯಿಸಿ ಗುಜರಿಯವನಿಗೆ ಕೊಟ್ಟಿದ್ದೆ.

“ಮಾಮಾ ಕೇಳಿದ್ದು ಗಾಡಿ ನಡಸೂದು. ನೀವು ಅದಕ್ಕ ಮದಿವಿ ಮಾಡಾಕತ್ತೀರಿ,” ಎಂದಳು ಹೆಂಡತಿ.

“ನಿನಗೇನು ತಿಳೀತದ,” ಎಂದು ರೇಗಿದೆ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಅವಳನ್ನು ಹಿಂದೆ ಕೂರಿಸಿಕೊಂಡು ಘಾಟಬೋರಾಳಕ್ಕೆ ಹೊರಟೆ. ಹೊಲದಲ್ಲಿ ಹಬ್ಬದ ಭಜ್ಜಿ, ಅಂಬಲಿಯ ಊಟ ನಡೆದಿತ್ತು. ಸದ್ದು ಕೇಳಿ ಎಲ್ಲರೂ ಎದ್ದು ಬಂದರು. ಮಾಮಾನ ಹೆಂಡತಿ ಟಾಕಿಯಲ್ಲಿ ಮುಖ ನೋಡಿಕೊಂಡು, “ಅಯ್ಯ, ಕನ್ನಡಿ ಆಗ್ಯಾದಲ್ಲೋ!” ಎಂದಳು. ಮಾಮಾ ಗಾಡಿಯ ಸುತ್ತ ಒಂದು ಸುತ್ತು ಬಂದ. ಎಡಬದಿಗೆ ಬಂದಾಗ ಅವನ ಕೈ ಗೂಡಿದ್ದ ಜಾಗಕ್ಕೆ ಹೋಗಿ, ಏನೂ ಸಿಗದೆ ಹಾಗೇ ನಿಂತಿತು.

“ಮರಿ ಎಲ್ಲಿ ಕುಂದ್ರಬೇಕ?”

“ಕಂಪನಿಯಿಂದ ಬಂದಾಗ ಹೀಂಗ ಇತ್ತು ಮಾಮಾ,” ಎಂದು ನಕ್ಕು ಫೋನು ತೆಗೆದೆ. “ನಿಂದರು, ಗಾಡಿ ಜೊತಿ ಒಂದು ಫೋಟೊ ತಗೀತೀನಿ.”

“ನಂದೇನು ಕೆಲಸ ಅದರಾಗ? ಚಲೋ ಆಗ್ಯಾದ್ರಿ ಸಾಹೇಬ್ರ, ನಿಮ್ಮ ಮೋಟರ್‌ಸೈಕಲ್. ನೀವೇ ನಿಂದರ್ರಿ.”

ಹುಟ್ಟಿದಾಗಿನಿಂದ ನನ್ನನ್ನು ಏಕವಚನದಲ್ಲೇ ಬೈದು ಬೆಳೆಸಿದ ಮಾಮಾ. ಆ ಗಾಡಿಯನ್ನು ಎಂದೂ ಮೋಟರ್‌ಸೈಕಲ್ ಎಂದು ಕರೆದವನಲ್ಲ. ನನ್ನ ಮೈ ಉರಿಯಿತು. ಎರಡೂವರೆ ತಿಂಗಳ ಕೆಲಸಕ್ಕೆ ಇದೇ ಬಹುಮಾನವೇ ಎಂದು ಮುಖ ಗಂಟಿಕ್ಕಿಕೊಂಡು ಊಟಕ್ಕೆ ಕುಳಿತೆ.

ಮಧ್ಯಾಹ್ನ ಬದುವಿನ ಆಚೆ ಒಂದು ಕುರಿ ಈದಿತು. ಮಾಮಾ ಮರಿಯನ್ನು ಒರೆಸಿ ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ನಡೆದ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಮೊಣಕಾಲಿನ ಮೇಲೆ ಕೈ ಊರುತ್ತಿದ್ದ. ನನ್ನ ಗಾಡಿ ಬನ್ನಿಗಿಡದ ನೆರಳಿನಲ್ಲಿ ಥಳಥಳ ಹೊಳೆಯುತ್ತ ನಿಂತಿತ್ತು. ಸಿಟ್ಟು ಅಲ್ಲೇ ಇಳಿಯಿತು. ನಾಚಿಕೆಯಾಯಿತು, ಎಲ್ಲರ ಎದುರಿಗೆ ಅಳು ಬರುವಷ್ಟು ನಾಚಿಕೆ.

“ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದ್ರಿ,” ಎಂದು ಹೆಂಡತಿ ಮೆಲ್ಲಗೆ ಹೇಳಿದಳು. ಸಂಜೆ ಅದೇ ಗಾಡಿಯಲ್ಲಿ ವಾಪಸ್ ಹೊರಡುವಾಗ, ಎಂಟು ದಿನದಲ್ಲಿ ಕುರಿ ಕೊಳ್ಳುವವರನ್ನು ಕರೆಸುತ್ತೇನೆ ಎಂದು ಮಾಮಾ ಮಕ್ಕಳಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು.

ಮರುದಿನ ಗುಜರಿಗೆ ಓಡಿದೆ. ಗೂಡು ಎಂದೋ ಲಾರಿ ಹತ್ತಿ ಹೋಗಿತ್ತು. ಮನೆಗೆ ಬಂದು ಹೊಸದೊಂದರ ನಕ್ಷೆ ಬರೆದೆ, ಸುತ್ತಲೂ ತಗಡು, ಮೇಲೆ ಮುಚ್ಚಳ. ಘಾಟಬೋರಾಳಕ್ಕೆ ಹೋಗಿ, ಒಲ್ಲೆ ಒಲ್ಲೆ ಎನ್ನುತ್ತಿದ್ದ ಮಾಮಾನನ್ನು ಹಿಂದೆ ಕೂರಿಸಿಕೊಂಡು ಬಸವಕಲ್ಯಾಣಕ್ಕೆ, ಲಾರಿ ಬಾಡಿ ಕಟ್ಟುವ ಒಬ್ಬ ವೆಲ್ಡರನ ಹತ್ತಿರ ಹೋದೆ. ಮಾಮಾ ನನ್ನ ನಕ್ಷೆಯನ್ನು ನೋಡಿ, ಮಡಚಿ, ನನ್ನ ಅಂಗಿಯ ಕಿಸೆಯಲ್ಲೇ ಇಟ್ಟ. ಆಮೇಲೆ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಮೊಳ, ಗೇಣಿನಲ್ಲಿ ಅಳತೆ ಹೇಳತೊಡಗಿದ.

“ಹಿಂದ ಖುಲ್ಲಾ ಬಿಡು. ಬೀಳಲಾರದಂಗ ಕೆಳಗ ಒಂದು ಪಟ್ಟಿ ಸಾಕು. ಹಿಂದ ಬರೂ ತಾಯಿಗಿ ಮರಿ ಮುಖ ಕಾಣಬೇಕ. ಕಾಣಲಿಲ್ಲಂದ್ರ ಅಕಿ ಈದ ಜಾಗಕ್ಕ ವಾಪಸ್ ಓಡ್ತಾಳ.”

ನಾನು ತುಕ್ಕು ಎಂದು ಎಸೆದದ್ದು ಇದನ್ನು. ಅದರ ಬಾಯಿ ಹಿಂದಕ್ಕೆ ಯಾಕಿತ್ತು ಎಂದು ಒಂದು ದಿನವೂ ಕೇಳಿರಲಿಲ್ಲ.

“ಬಣ್ಣ ಸುಡ್ತದ್ರಿ,” ಎಂದ ವೆಲ್ಡರ್ ನನ್ನ ಮುಖ ನೋಡಿದ.

“ಸುಡ್ಲಿ,” ಎಂದೆ. ಎಂದೆನಷ್ಟೇ, ನೋಡಲಾಗಲಿಲ್ಲ. ರಸ್ತೆಯ ಕಡೆ ತಿರುಗಿ ನಿಂತೆ. ಚಿನ್ನದ ಗೆರೆ ಒಂದು ಗೇಣು ಕಪ್ಪಾಯಿತು. ಆಮೇಲೆ ಪಿಸ್ಟನ್ ಕೊಟ್ಟಿದ್ದ ಹಳೆಯ ಮಿಸ್ತ್ರಿಯ ಬಳಿ ಹೋದೆವು, ಅವನು ಚೈನು ಎಳೆಯುವ ಮುಂದಿನ ಹಲ್ಲುಚಕ್ರ ತೆಗೆದು ಒಂದು ಹಲ್ಲು ಕಡಿಮೆ ಇರುವುದನ್ನು ಹಾಕಿದ. ಗಾಡಿ ಇನ್ನೂ ನಿಧಾನ ಹೋಗಲಿ, ಕುರಿಗೆ ಏದುಸಿರು ಬರಬಾರದು ಎಂಬುದೂ ಮಾಮಾನದೇ ಬೇಡಿಕೆ. ಅಲ್ಲಿಂದ ಘಾಟಬೋರಾಳದವರೆಗೂ ಮಾಮಾನೇ ನಡೆಸಿದ. ಅವನನ್ನು ಮನೆಗೆ ಬಿಟ್ಟು ನಾನು ಬಸ್ಸಿನಲ್ಲಿ ಬಂದೆ. ದಾರಿಯುದ್ದಕ್ಕೂ ಅವನು ಗಾಡಿಯ ಹೆಸರೇ ಎತ್ತಿರಲಿಲ್ಲ.

ಎಂಟು ದಿನ ತಡೆದು, ಒಂಬತ್ತನೆಯ ದಿನ ಮನಸ್ಸು ತಡೆಯದೆ ಘಾಟಬೋರಾಳಕ್ಕೆ ಹೋದೆ. ಹೊಲದ ದಾರಿಯಲ್ಲೇ ಎದುರಾದ. ಗೂಡಿನಲ್ಲಿ ಕಪ್ಪು ಮರಿ, ಹಿಂದೆ ಒದರುವ ತಾಯಿ. ಮರಿ ಕೆಂಪು ಬಣ್ಣದ ಮೇಲೆಲ್ಲ ಹೇಸಿಗೆ ಮಾಡಿಕೊಂಡಿತ್ತು.

“ಕುರಿ ಕೇಳೋರು ಬಂದಿದ್ರೇನು ಮಾಮಾ?”

“ಬಂದಿದ್ರು. ಕುರಿ ಬಿಟ್ಟು ಇದನ್ನ ಕೇಳಾಕ ಹತ್ತಿದ್ರು. ಎರಡೂ ಇಲ್ಲ ನಡೀರಿ ಅಂದೆ.” ಎಂಜಿನ್ ಆರಿಸದೆ ಒಂದು ಕಾಲು ಊರಿ ನಿಂತು, ತಲೆಯ ರುಮಾಲು ಸರಿಮಾಡಿಕೊಂಡ. “ಏ ಅಳಿಯಾ, ಈಗ ತಗಿ ಫೋಟೊ. ಫಟಫಟಿ ಪೂರಾ ಬರಬೇಕ ನೋಡು.”

ತೆಗೆದೆ. ಅದರಲ್ಲಿ ಮಾಮಾ ಇದ್ದಾನೆ, ಮರಿ ಇದೆ, ಮರಿಯ ಮೂತಿ ನೆಕ್ಕುವ ತಾಯಿ ಇದೆ. ಟಾಕಿಯನ್ನು ಮಾಮಾನ ಧೋತರ ಮುಚ್ಚಿದೆ, ಹಿಂಭಾಗವನ್ನು ಗೂಡು ಮುಚ್ಚಿದೆ, ನನ್ನ ಗೆರೆ ಎಲ್ಲೂ ಕಾಣುವುದಿಲ್ಲ.