ಮೇಲ್ಮನೆಯವರು ಮತ್ತು ಅಪ್ಪನ ಕಂಪ್ಯೂಟರು

ಕಂಪ್ಯೂಟರಿನ ಮುಂದೆ ನಿಂತರೆ ಮೇಲ್ಮನೆಯವರ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋಗುತ್ತಿದ್ದವು. ಅಗಲವಾದ, ಕೂದಲು ತುಂಬಿದ ಕೈಗಳು. ಬೇರೆಯವರ ಮೌಸನ್ನು ಅವರು ಮುಟ್ಟಿದ್ದನ್ನು ನಾನು ನೋಡಿಲ್ಲ. "ನೀವ ಒತ್ರಿ, ನಾ ನೋಡ್ತೀನಿ" ಅನ್ನುತ್ತಿದ್ದರು.

ಬೆಂಗಳೂರಿನ ಬಿಟಿಎಂ ಬಡಾವಣೆಯ ನಮ್ಮ ಮನೆಯ ಮೇಲಿನ ಮಹಡಿಗೆ ಗದಗದ ಕಡೆಯಿಂದ ಬಾಡಿಗೆಗೆ ಬಂದವರು. ಯಾವುದೋ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ. ನಾನು ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವವಳು. ಹಾಗಾಗಿ ಅಪ್ಪನ ಕಂಪ್ಯೂಟರು ನನ್ನ ಸುಪರ್ದಿಗೆ ಸೇರಿದ್ದು ಅಂದುಕೊಂಡಿದ್ದೆ.

ಅಪ್ಪ ನಿವೃತ್ತ ಮೇಷ್ಟ್ರು. ಬಡಾವಣೆಯ ಮಾಸಪತ್ರಿಕೆಗೆ ಪದಬಂಧ ಮಾಡುತ್ತಿದ್ದರು. ಕೈನಡುಕ ಶುರುವಾದಾಗ ನಾನು ಹೊಸ ಮ್ಯಾಕ್ ಕಂಪ್ಯೂಟರು ತಂದುಕೊಟ್ಟೆ. ಅದರಲ್ಲಿ ಪುಟವನ್ನು ಮೇಲೆ ಕೆಳಗೆ ಸರಿಸುವ ಸ್ಕ್ರೋಲ್ ಪಟ್ಟಿ ಬೇಕಾದಾಗ ಮಾತ್ರ ಮೂಡಿ ಮರೆಯಾಗುತ್ತಿತ್ತು. ಅಪ್ಪನ ಕೈ ಅಲ್ಲಿಗೆ ತಲುಪುವಷ್ಟರಲ್ಲಿ ಮಾಯ. ಕೊನೆಗೆ ಪದಬಂಧವನ್ನೇ ಬಿಟ್ಟರು.

ವಿಷಯ ಮೇಲ್ಮನೆಯವರ ಕಿವಿಗೆ ಬಿತ್ತು.

"ವಿಂಡೋಸ್ ಮೊದಲೆಲ್ಲ ಮೇಜಿನಂಗ ಇತ್ರಿ ಮೇಡಂ, ಸಾಮಾನೆಲ್ಲ ಕಣ್ಣೆದುರಿಗೆ. ಈಗ ಅದೂ ಮ್ಯಾಕೂ ಎರಡೂ ಫೋನಿನ ಹಾದಿ ಹಿಡದಾವು. ನೋಡಾಕ ಚಂದ, ಹಿಡಿಯಾಕ ಏನೂ ಸಿಗೂದಿಲ್ಲ."

"ಈಗ ಡಿಸೈನ್ ಅಂದ್ರೇನೇ ಕಡಿಮೆ ತೋರ್ಸೋದು ಸಾರ್. ಕಾಲ ಬದಲಾಗಿದೆ."

"ಬದಲಾಗ್ಲಿ ಬಿಡ್ರಿ. ಮಾಸ್ತರ ಕೈ ನಡಗತಾವಲ್ಲ, ಅದಕ್ಕೇನ ಮಾಡೂಣು?"

ನನಗೆ ಹೊಟ್ಟೆ ಉರಿಯಿತು.

ಆ ಭಾನುವಾರ ಅಪ್ಪನ ಹಳೇ ಕಂಪ್ಯೂಟರಿಗೆ ಲಿನಕ್ಸ್ ಬಂತು, ಪರದೆಯನ್ನು ನಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಲು ಬಿಡುವ ವ್ಯವಸ್ಥೆ. ಮೇಲ್ಮನೆಯವರು ಪಕ್ಕದಲ್ಲಿ ನಿಂತು, ದರ್ಜಿ ಅಳತೆ ಕೇಳುವ ಹಾಗೆ ಒಂದೊಂದೇ ಕೇಳಿದರು. "ಈ ಬಟನ್ ಎಷ್ಟ ದೊಡ್ಡದು ಬೇಕ್ರಿ? ಮನಿ ನಿಮ್ದು ಮಾಸ್ತರ, ಬಾಗ್ಲಾ ಎಲ್ಲಿ ಬೇಕೋ ಅಲ್ಲಿ ಇಡ್ರಿ." ಅಪ್ಪನೇ ಒತ್ತಿದರು, ಅಪ್ಪನೇ ಆರಿಸಿದರು. ದಪ್ಪ ಅಂಚು, ಮರೆಯಾಗದ ಮೆನು. ನನ್ನ ಕಣ್ಣಿಗೆ ಅದು ಕುರೂಪ. ಅಪ್ಪ ಮಾತ್ರ ಮಗುವಿನಂತೆ ನಗುತ್ತಿದ್ದರು.

ಮತ್ತೆ ಮಾಡಿದ ಮೊದಲ ಪದಬಂಧವನ್ನು ಅಪ್ಪ ಪ್ರಿಂಟ್ ತೆಗೆದರು. ನಡುಮನೆಯಲ್ಲಿ ಕೂತಿದ್ದ ನನ್ನನ್ನು ದಾಟಿ, ಕಂಬಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು. ಮೇಲಿಂದ ಇಬ್ಬರ ನಗು ಕೇಳುತ್ತಿತ್ತು. ಆಮೇಲೆ ದಿನಾ ಸಂಜೆ ಕಾಫಿಗೆ ಮೊದಲು ಅಪ್ಪನದು ಒಂದೇ ಪ್ರಶ್ನೆ: "ಅವನು ಬಂದ್ನಾ?"

ಹೋದ ವರ್ಷ ಹಬ್ಬಕ್ಕೆಂದು ಊರಿಗೆ ಹೋದ ಮೇಲ್ಮನೆಯವರು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಅವರ ತಮ್ಮ ಫೋನ್ ಮಾಡಿದ್ದು ನನಗೆ. ಅಪ್ಪನಿಗೆ ಹೇಳಬೇಕಾದವಳೂ ನಾನೇ. ಅಪ್ಪ ಗೋಡೆಗೆ ಆತು ಜೋರಾಗಿ ಅತ್ತುಬಿಟ್ಟರು. ನನ್ನ ಮದುವೆಯ ದಿನವೂ ಹಾಗೆ ಅತ್ತಿರಲಿಲ್ಲ. ನಾನೂ ಅತ್ತೆ. ಅದರಲ್ಲಿ ದುಃಖ ಎಷ್ಟು, ಹೊಟ್ಟೆಕಿಚ್ಚು ಎಷ್ಟು, ನನಗೇ ತಿಳಿಯಲಿಲ್ಲ. ಅಪ್ಪನಿಗೆ ಪದಬಂಧದ ಕೆಲಸವನ್ನು ವಾಪಸು ಕೊಟ್ಟ ಮನುಷ್ಯ ಅವರು. ಅದನ್ನು ನಾನೇ ಕೊಡಬೇಕೆಂಬ ಆಸೆ ನನಗಿತ್ತು.