ನಮ್ಮ ಬೀದಿಗೆ ಬಾಯಾರಿಕೆಯಿಲ್ಲವಂತೆ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯವರು ಹೇಳುತ್ತಾರೆ. ಬರಲಿ. ತೊಂಬತ್ತರ ದಶಕದ ಒಂದು ಸಿಟ್ಟು ಇನ್ನೂ ಇಳಿದಿಲ್ಲ.

ಅಪ್ಪನ ರೈಲ್ವೆ ನೌಕರಿ ನಮ್ಮನ್ನು ಹುಬ್ಬಳ್ಳಿಯಿಂದ ಅಹಮದಾಬಾದಿಗೆ ತಂದಿತ್ತು. ಊರಂಚಿನ ನರೋಡಾದಲ್ಲಿ, ನೀರಿನ ಪೈಪು ಮುಗಿಯುವ ಬೀದಿಯಲ್ಲಿ, ಮೂರನೆಯ ಮಹಡಿಯ ಬಾಡಿಗೆ ಮನೆ. ಪೈಪಿನ ದಾರಿಯಲ್ಲಿ ನಮಗಿಂತ ಮೊದಲು ಸಿಗುವ ಹೌಸಿಂಗ್ ಸೊಸೈಟಿಗಳ ಮನೆಯವರು ಪೈಪಿಗೇ ಮೋಟರ್ ಹಚ್ಚಿ ನೀರು ಎಳೆದುಕೊಳ್ಳುತ್ತಿದ್ದರು. ನಮ್ಮ ನಲ್ಲಿ ಒಂದಿಷ್ಟು ಗಾಳಿ ಬಿಟ್ಟು ಸುಮ್ಮನಾಗುತ್ತಿತ್ತು. ಎರಡು ಬೀದಿ ಆಚೆಯಿಂದ ನಾನು ಬೆಳಿಗ್ಗೆ ತಂದ ನೀರು ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು. ಆಮೇಲೆ ಹೊತ್ತು ತರುವುದು ಮೊಣಕಾಲು ನೋವಿನ ಅಮ್ಮನ ಪಾಲು.

ಊರಿನ ನೀರಿನ ಪಂಪುಗಳನ್ನು ಕಂಪ್ಯೂಟರಿನಿಂದ ನಡೆಸುವ ಸಣ್ಣ ಕಂಪನಿಯೊಂದರಲ್ಲಿ ನಾನು ಇಂಜಿನಿಯರ್. ಹಿಂದಿನ ದಿನಗಳಲ್ಲಿ ಯಾವ ಬೀದಿ ಎಷ್ಟು ನೀರು ಬಳಸಿತೆಂದು ನೋಡಿ, ನಾಳೆ ಎಷ್ಟು ಬೇಕಾಗಬಹುದೆಂದು ನಮ್ಮ ಪ್ರೋಗ್ರಾಮು ಮುಂಚೆಯೇ ಅಂದಾಜು ಮಾಡುತ್ತಿತ್ತು. ಅದಕ್ಕೆ ತಕ್ಕಂತೆ ಪಂಪು ಓಡಿಸುತ್ತಿತ್ತು, ವಾಲ್ವು ತೆರೆಯುತ್ತಿತ್ತು. ಟ್ಯಾಂಕು ತುಂಬಿ ಚೆಲ್ಲುವುದು ನಿಂತಿತು, ಕರೆಂಟು ಉಳಿಯಿತು. ನಮ್ಮ ಬೀದಿಗೆ ಮಾತ್ರ ಇದ್ದ ನೀರೂ ಇಲ್ಲದಂತಾಯಿತು. ಬಾರದ ನೀರನ್ನು ಬಳಸುವುದಾದರೂ ಹೇಗೆ? ಬಳಸಲಿಲ್ಲವೆಂದರೆ ಬೇಕಿಲ್ಲವೆಂದೇ ಆ ಯಂತ್ರಕ್ಕೆ ಅರ್ಥ. ಇವತ್ತು ಕಡಿಮೆ ಕೊಟ್ಟು, ನಾಳೆ ಅದನ್ನೇ ನೋಡಿ ಇನ್ನಷ್ಟು ಕಡಿಮೆ ಕೊಡುತ್ತಿತ್ತು.

ಕೊನೆಯ ಬೀದಿಗೆ ಇಷ್ಟು ಒತ್ತಡ ಇರಲೇಬೇಕೆಂಬ ಷರತ್ತನ್ನು ಪ್ರೋಗ್ರಾಮಿಗೆ ಸೇರಿಸೋಣ ಎಂದು ನಮ್ಮ ಸಾಹೇಬರಿಗೆ ಹೇಳಿದೆ. ಅವರೂ ಕನ್ನಡದವರೇ, ಮೈಸೂರಿನವರು.

"ಹಾಗ್ ಮಾಡಿದ್ರೆ ಪಂಪು ಜಾಸ್ತಿ ಓಡ್ಬೇಕಾಗತ್ತಮ್ಮ. ಉಳಿತಾಯ ತೋರಿಸೋದು ಹೇಗೆ?" ಎಂದರು. "ಅಲ್ದೆ ನಿಮ್ಮ ಬೀದಿಯವರು ನೀರನ್ನ ಹಿತಮಿತವಾಗಿ ಬಳಸ್ತಾರೆ. ಒಳ್ಳೇ ಅಭ್ಯಾಸ ಅಲ್ವಾ?"

ಮೈಯೆಲ್ಲ ಉರಿದುಹೋಯಿತು. ತಮಾಷೆಗೆ ಹೇಳಿದ್ದರೆ ಬಿಟ್ಟುಬಿಡುತ್ತಿದ್ದೆ. ಆ ಮನುಷ್ಯ ಮನಸಾರೆ ಮೆಚ್ಚಿಕೊಂಡೇ ಹೇಳಿದ್ದರು.

ಅಮ್ಮ ಮೊದಲೇ ಕರೆದಿದ್ದರಿಂದ ಆ ಭಾನುವಾರ ಅವರು ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬಂದರು. ಮೇ ತಿಂಗಳ ಬಿಸಿಲು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಕುಳಿತರು. ನಾನು ಖಾಲಿ ಲೋಟ ತಂದು ಅವರ ಮುಂದಿಟ್ಟೆ.

"ನಿನ್ನೆ ನೀವು ನಮ್ಮನ್ಯಾಗ ನೀರು ಕುಡದಿಲ್ಲಲ್ರಿ ಸರ್. ಇವತ್ತೂ ಬೇಕಾಗಂಗಿಲ್ಲ ಅಂತ ಲೆಕ್ಕ ಬಂತು."

ಅವರ ಮುಖ ಸಣ್ಣದಾಯಿತು. ಅಮ್ಮ ಅಡುಗೆಮನೆಯಿಂದ ಬಂದವಳೇ ನನ್ನನ್ನು ಗದರಿದಳು. "ಹುಚ್ಚು ಹಿಡದೈತೇನ ನಿನಗ? ಮನಿಗೆ ಬಂದವ್ರಿಗೆ ಹಿಂಗ ಮಾಡ್ತಾರೇನು? ತಗೋರಿ ಸರ್, ಕುಡೀರಿ."

ತಾನು ಹೊತ್ತು ತಂದಿದ್ದ ಕೊಡದಿಂದ ಲೋಟ ತುಂಬಿಸಿದಳು. ಅವರು ಗಟಗಟ ಕುಡಿದು ಮತ್ತೆ ಲೋಟ ಚಾಚಿದರು.

ಊಟದ ನಡುವೆ ಷರತ್ತಿನ ಮಾತನ್ನು ಮತ್ತೆ ಎತ್ತಿದೆ. "ನೋಡೋಣಮ್ಮ" ಎಂದರು. ಅದು ಕೊನೆಯವರೆಗೂ ನೋಡೋಣವಾಗಿಯೇ ಉಳಿಯಿತು.

ಕೈ ತೊಳೆಯಲು ಎದ್ದಾಗ ಕೊಡ ಖಾಲಿ. ನಾನು ಎತ್ತಿಕೊಳ್ಳುವಷ್ಟರಲ್ಲಿ ಅಮ್ಮ ಅದನ್ನು ಸೊಂಟಕ್ಕೇರಿಸಿ, "ನೀ ಸಾಹೇಬ್ರ ಜೋಡಿ ಮಾತಾಡು" ಎಂದು ಗೋಡೆ ಹಿಡಿದು ಮೆಟ್ಟಿಲಿಳಿದಳು.

ಅವಳು ಬರುವವರೆಗೂ ಸಾಹೇಬರು ಎಂಜಲು ಕೈ ಎತ್ತಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಒಣಗಲಿ ಆ ಕೈ, ಎಂದುಕೊಂಡೆ.